ಅಡ್ಡಹೆಸರಿಗೆ ಅಡ್ಡ ಅರ್ಥ

ಹುಬ್ಬಳ್ಳಿ ಕಡೆಯ ಲಗ್ನಪತ್ರಿಕೆ ಬೆಂಗಳೂರಿನವರ ಕೈಗೆ ಸಿಕ್ಕರೆ ಅವರು ಅದನ್ನು ದಿನಸಿ ಚೀಟಿ ಅಂತಲೇ ಓದುತ್ತಾರೆ. ತಪ್ಪು ಅವರದಲ್ಲ. ಮೇಲೆ ಬೆಲ್ಲದ ಬಂಧುಗಳು ಆಮಂತ್ರಿಸುತ್ತಾರೆ, ಕೆಳಗೆ ಮೆಣಸಿನಕಾಯಿ ಪರಿವಾರದವರು ಸುಖಾಗಮನ ಬಯಸುತ್ತಾರೆ, ನಡುವೆ ಉಪ್ಪಿನ, ಎಣ್ಣಿ, ಹುಣಸಿಕಟ್ಟಿ, ಕೊತಂಬ್ರಿ, ಬಳ್ಳೊಳ್ಳಿ ಎಲ್ಲರೂ ಸಾಲಾಗಿ ನಿಂತು ಕೈಮುಗಿಯುತ್ತಾರೆ. ಇಷ್ಟು ಜನ ಒಂದೇ ಹಂದರದ ಕೆಳಗೆ ಸೇರಿದರೆ ಸಾರಿಗೆ ಬೇರೆ ಸಾಮಾನು ತರಿಸಬೇಕಾಗಿಲ್ಲ. ಬೇಳೆಯೊಂದನ್ನು ಗಂಡಿನ ಕಡೆಯವರು ತಂದರಾಯಿತು. ಅವರ ಬೇಳೆ ಬೇಯುತ್ತದೋ ಇಲ್ಲವೋ, ಅದು ಆಮೇಲಿನ ಮಾತು.

ನಮ್ಮ ಕಡೆಯವರಿಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಉಳ್ಳಾಗಡ್ಡಿಯವರು ಉಳ್ಳಾಗಡ್ಡಿಯವರೇ, ಅವರನ್ನು ನೋಡಿ ಯಾರಿಗೂ ಕಣ್ಣಲ್ಲಿ ನೀರು ಬಂದದ್ದಿಲ್ಲ. ಆದರೆ ಅದೇ ಮನುಷ್ಯ ವರ್ಗವಾಗಿ ಬೆಂಗಳೂರಿಗೆ ಬಂದು, ಮನೆ ಸಾಮಾನು ಹಿಂದಿನಿಂದ ಬರಲಿ ಎಂದು ಲಾರಿ ಆಫೀಸಿಗೆ ನಂಬರು ಕೊಟ್ಟು ಕೂತರೆ ನೋಡಿ ಮಜಾ.

“ಹಲೋ, ಉಳ್ಳಾಗಡ್ಡಿ ಅಂತ ಬರೆದಿದೆ…”

“ಹೌದ್ರಿ, ಉಳ್ಳಾಗಡ್ಡಿನೇ.”

“ಎಷ್ಟು ಕೇಜಿ ಬರುತ್ತೆ ಸಾರ್?”

“ಮನ್ನಿ ಡಾಕ್ಟ್ರು ತೂಗಿದಾಗ ಎಪ್ಪತ್ತೆಂಟು ಇತ್ತು. ಯಾಕ್ರಿ?”

ಆ ಕಡೆಯವನೂ ಉತ್ತರ ಕರ್ನಾಟಕದವನೇ ಆಗಿರಬೇಕು. ಇಲ್ಲದಿದ್ದರೆ ಈರುಳ್ಳಿಯನ್ನು ಉಳ್ಳಾಗಡ್ಡಿ ಅನ್ನುತ್ತಾರೆ ಎಂಬುದೇ ಬೆಂಗಳೂರಿನ ಲಾರಿ ಆಫೀಸಿಗೆ ಗೊತ್ತಿರುವುದಿಲ್ಲ.

ಹೀಗೆ ನಗುವವರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ. ನೀವು ಹೊಸದಾಗಿ ಏನೂ ನಗುತ್ತಿಲ್ಲ. ಈ ನಗೆ ಆಗಲೇ ನಕ್ಕು ಮುಗಿದಿದೆ. ಯಾವುದೋ ಓಣಿಯ ಕಟ್ಟೆಯ ಮೇಲೆ, ಯಾರೋ ಮುತ್ತಾತನ ಬೆನ್ನ ಹಿಂದೆ, ಅಕ್ಕಪಕ್ಕದವರು ನಕ್ಕದ್ದೇ ಗಟ್ಟಿಯಾಗಿ ಹೆಸರಾಗಿದೆ. ಅನುಮಾನವಿದ್ದರೆ ‘ಅಡ್ಡಹೆಸರು’ ಎನ್ನುವ ಪದವನ್ನೇ ನೋಡಿ. ಮೈಸೂರಿನ ಕಡೆ ಅಡ್ಡಹೆಸರು ಎಂದರೆ ಗೆಳೆಯರು ಗೇಲಿಗೆ ಇಟ್ಟದ್ದು: ಕುಳ್ಳ, ಬುಡ್ಡಿ, ಕೋಳಿ. ಧಾರವಾಡದ ಕಡೆ ಅಡ್ಡಹೆಸರು ಎಂದರೆ ಮನೆತನದ ಹೆಸರು, ಆಧಾರ್ ಕಾರ್ಡಿನಲ್ಲಿರುವುದು, ಹೆಣ್ಣು ಕೊಡುವಾಗ ತರುವಾಗ ವಿಚಾರಿಸುವುದು. ಒಂದೇ ಪದ. ಒಂದು ಕಡೆ ಅದು ಇನ್ನೂ ಚೇಷ್ಟೆ, ಇನ್ನೊಂದು ಕಡೆ ಸರಕಾರಿ ದಾಖಲೆ. ನಡುವೆ ಆಗಿರುವುದಿಷ್ಟೇ: ಸಾಲಿ ಮಾಸ್ತರೋ ತಲಾಟಿಯೋ ಪೆನ್ನು ತೆಗೆದು “ಊರಾಗ ಏನಂತ ಕರೀತಾರ?” ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದಾರೆ.

ಮುಂಬೈ ಪ್ರಾಂತದ ಪದ್ಧತಿ ಹಾಗಿತ್ತು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರಗಳು ಅದರ ಕೆಳಗೇ ಇದ್ದವು. ಅಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ. ಮೂರನೆಯ ಖಾನೆ ಖಾಲಿ ಬಿಡುವ ಹಾಗಿಲ್ಲ. ಖಾಲಿ ಬಿಡದ ಖಾನೆಗೆ ಊರಿನವರ ಬಾಯಿಯೇ ಗತಿ.

ಹಾಗಾಗಿ ಬೋಳಶೆಟ್ಟಿ ಎಂಬ ಮನೆತನವಿದೆ. ಯಾವ ಶೆಟ್ಟಿಯ ತಲೆ ಎಂದು ಬೋಳಾಯಿತೋ ದೇವರಿಗೆ ಗೊತ್ತು. ಇವತ್ತು ಆ ಮನೆಯ ಹುಡುಗ ಭುಜದ ತನಕ ಕೂದಲು ಬಿಟ್ಟು, ಹಿಂದೆ ರಬ್ಬರ್ ಬ್ಯಾಂಡು ಕಟ್ಟಿ, ಹೆಲ್ಮೆಟ್ ಹಿಡಿಸದೆ ಒದ್ದಾಡುತ್ತಿರುತ್ತಾನೆ. ಗಿಡ್ಡನವರ ಮನೆಯವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಾನೆ. ಗಡ್ಡದ ಎಂಬವರು ದಿನಾ ನುಣ್ಣಗೆ ಕ್ಷೌರ ಮಾಡಿಕೊಂಡು ಆಫೀಸಿಗೆ ಹೋಗುತ್ತಾರೆ. ಮೀಸಿಯವರ ಮನೆಯಲ್ಲಿ ಮೂರೂ ಹೆಣ್ಣುಮಕ್ಕಳು. ಮುತ್ತಾತನ ಮುಖ ನೋಡಿದವರು ಯಾರೂ ಉಳಿದಿಲ್ಲ, ಫೋಟೋ ಇಲ್ಲ, ಆದರೂ ಆತನಿಗೆ ಗಡ್ಡವಿತ್ತು ಎಂಬುದು ಇಡೀ ತಾಲ್ಲೂಕಿಗೆ ಗೊತ್ತು. ಇಂಥ ನೆನಪು ಯಾವ ರಾಜನಿಗೂ ಸಿಕ್ಕಿಲ್ಲ. ಇಮ್ಮಡಿ ಪುಲಿಕೇಶಿಗೆ ಗಡ್ಡವಿತ್ತೇ ಎಂದು ಕೇಳಿದರೆ ಸಂಶೋಧಕರು ತಡವರಿಸುತ್ತಾರೆ.

ಮನೆಯ ಮೇಲೆ ಇಟ್ಟ ಹೆಸರುಗಳದ್ದು ಇನ್ನೊಂದು ಬಗೆ. ದೊಡಮನಿ, ಸಣ್ಣಮನಿ, ಮೂಲಿಮನಿ, ಹಂಚಿನಮನಿ, ಕಟ್ಟೀಮನಿ. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರಿಂದಾಗಿ ಕೊನೆಯದು ಕನ್ನಡಿಗರಿಗೆಲ್ಲ ಗೊತ್ತು. ನನಗೆ ಬಲು ಪ್ರೀತಿ ಹೊಸಮನಿಯವರ ಮೇಲೆ. ಅವರ ಮನೆ ಹೊಸದಾಗಿದ್ದು ಯಾವಾಗ? ಅಜ್ಜನಿಗೂ ಗೊತ್ತಿಲ್ಲ. ಮಾಳಿಗೆ ಸೋರುತ್ತಿದೆ, ತೊಲೆಗೆ ಗೆದ್ದಲು ಹಿಡಿದಿದೆ, ಹಿತ್ತಲಿನ ಗೋಡೆ ಪಕ್ಕದವರ ಕಡೆ ವಾಲಿದೆ, ಆದರೂ ಹೊಸಮನಿ. ನಮ್ಮ ಸಂಜೆಯ ಚಹಾದಂಗಡಿಯ ಕೂಟದಲ್ಲಿ ಈ ಪದಕ್ಕೆ ಬೇರೆ ಅರ್ಥ ಚಾಲ್ತಿಗೆ ಬಂದಿದೆ. ಕಟ್ಟಿ ಅರ್ಧ ಶತಮಾನವಾದರೂ ‘ನ್ಯೂ’ ಎಂಬ ಬೋರ್ಡು ಇಳಿಸದ ಯಾವುದಕ್ಕೂ ನಾವು ಹೊಸಮನಿ ಅನ್ನುತ್ತೇವೆ. “ಎಲ್ಲಿ ಸಿಗ್ತೀ?” “ಹೊಸಮನಿ ಲಾಡ್ಜಿನ ಮುಂದ.” ಅಂದರೆ ನ್ಯೂ ಯಾವುದೋ ಒಂದು ಲಾಡ್ಜು, ಅದರ ಮೆಟ್ಟಿಲು ಸವೆದು ದೋಣಿಯಾಗಿದೆ. ಬದಲಾವಣೆ ತರುತ್ತೇವೆ ಎಂದು ನಾಲ್ಕನೇ ಸಲ ಓಟಿಗೆ ನಿಂತವರನ್ನೂ ಹೊಸಮನಿ ಅನ್ನಬಹುದೇ ಎಂಬ ಬಗ್ಗೆ ಕೂಟದಲ್ಲಿ ಭಿನ್ನಾಭಿಪ್ರಾಯವಿದೆ.

ಬ್ಯಾಡಗಿಗೂ ಹೀಗೆ ಅರ್ಥ ಬಂತು. ಬ್ಯಾಡಗಿ ಹಾವೇರಿ ಜಿಲ್ಲೆಯ ಊರು, ಅಲ್ಲಿಂದ ಹೊರಟವರಿಗೆ ಬ್ಯಾಡಗಿ ಎಂದೇ ಅಡ್ಡಹೆಸರು. ಆ ಊರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಕೂಡ ಸಿಕ್ಕಿದೆ. ಅದರ ಗುಣ ಅಡುಗೆ ಬಲ್ಲವರಿಗೆ ಗೊತ್ತು: ಮೈತುಂಬ ಸುಕ್ಕು, ಬಣ್ಣ ರಕ್ತದಂಥ ಕೆಂಪು, ಖಾರ ಮಾತ್ರ ಅಷ್ಟಕ್ಕಷ್ಟೆ. ಆದ್ದರಿಂದ ನೋಡಲು ಕೆಂಡಾಮಂಡಲ, ಒಳಗೆ ಸಪ್ಪೆ ಇರುವ ಗಂಡಸರಿಗೆಲ್ಲ ನಮ್ಮಲ್ಲಿ ‘ಬ್ಯಾಡಗಿ’ ಎಂದು ಹೆಸರು. “ಹೊಸಾ ಮ್ಯಾನೇಜರ್ ಹೆಂಗ?” “ಅಂಜಬ್ಯಾಡ, ಬ್ಯಾಡಗಿ ಅದಾನ.” ಇದಕ್ಕೆ ಎದುರು ಪದ ಗುಂಟೂರು. ನೋಡಲು ಸಣ್ಣ, ಕಚ್ಚಿದವನಿಗೇ ಗೊತ್ತು. ಆಫೀಸಿನಲ್ಲಿ ಒಬ್ಬ ಬ್ಯಾಡಗಿ, ಮನೆಯಲ್ಲಿ ಒಬ್ಬ ಗುಂಟೂರು ಇದ್ದವನ ಸಂಸಾರ ಹೇಗೋ ನಡೆಯುತ್ತದೆ, ತಿರುಗುಮುರುಗಾದರೂ ನಡೆಯುತ್ತದೆ, ಎರಡೂ ಕಡೆ ಗುಂಟೂರಾದವನೇ ನಮ್ಮ ಜೊತೆ ಚಹಾ ಕುಡಿಯಲು ಬರುವವನು.

ವ್ಯಾಕರಣ ಗೊತ್ತಿದ್ದವರಿಗೆ ನಮ್ಮ ಅಡ್ಡಹೆಸರುಗಳು ಬೇರೆಯದೇ ತ್ರಾಸು ಕೊಡುತ್ತವೆ. ಬೆಲ್ಲದ, ತುಪ್ಪದ, ಸುಣ್ಣದ, ತೋಟದ, ಉಪ್ಪಿನ, ಹಿಟ್ಟಿನ: ಎಲ್ಲವೂ ಷಷ್ಠಿ ವಿಭಕ್ತಿ. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಷಷ್ಠಿಯ ಮುಂದೆ ಒಂದು ನಾಮಪದ ಬಂದೇ ಬರುತ್ತದೆ ಎಂಬ ಭರವಸೆಯಲ್ಲಿ ಇದ್ದಿರಬೇಕು. ನಮ್ಮವರು ಆ ನಾಮಪದವನ್ನು ದಾರಿಯಲ್ಲೇ ಇಳಿಸಿ ಬಂದಿದ್ದಾರೆ. ಬೆಲ್ಲದ ಅಂಗಡಿಯವರೋ, ತೋಟದ ಮನಿಯವರೋ ಆಗಿದ್ದವರು ಅಂಗಡಿ, ಮನಿ ಬಿಟ್ಟು ಬರೀ ‘ದ’ ಹಿಡಿದು ಉಳಿದುಬಿಟ್ಟರು. ಮೈಸೂರಿನ ಕ್ಲಾರ್ಕಿನ ಮುಂದೆ ಹೀಗೊಬ್ಬ ಷಷ್ಠಿಯವರು ನಿಂತರೆ ಸಂಭಾಷಣೆ ಸಾಗುವ ರೀತಿ:

“ತಮ್ಮ ಹೆಸರು?”

“ತುಪ್ಪದ.”

“ಹಾಂ, ಹೇಳಿ.”

“ಹೇಳಿದೆನಲ್ರಿ.”

“ಅಲ್ಲ, ತುಪ್ಪದ… ಏನು?”

“ಏನೂ ಇಲ್ರಿ. ತುಪ್ಪದ ಅಷ್ಟ.”

ಕ್ಲಾರ್ಕು ಪೆನ್ನು ಎತ್ತಿ ಹಿಡಿದು ಕಾಯುತ್ತಾನೆ. ತುಪ್ಪದವರೂ ಕಾಯುತ್ತಾರೆ. ಹಿಂದಿನ ಸಾಲಿನಲ್ಲಿ ಯಾರೋ “ತುಪ್ಪದ ದೋಸೆ” ಎನ್ನುತ್ತಾರೆ.

‘ನವರ’ ಎಂದು ಮುಗಿಯುವವರ ಪಾಡು ಇನ್ನೂ ನಾಜೂಕು. ಭೀಮಪ್ಪನವರ, ಕರಿಯಪ್ಪನವರ, ಚನ್ನಪ್ಪನವರ. ಮರ್ಯಾದೆ ಹೆಸರಿನಲ್ಲೇ ಹೊಲಿದುಬಿಟ್ಟಿದೆ, ಬಿಚ್ಚಲು ಬರುವುದಿಲ್ಲ. ಸಭೆಯಲ್ಲಿ ನಿರೂಪಕಿ “ಈಗ ಭೀಮಪ್ಪನವರ ಅವರು ಮಾತನಾಡುತ್ತಾರೆ” ಎಂದಾಗ ಎದ್ದು ನಿಂತದ್ದು ಒಬ್ಬನೇ, ಆದರೆ ಕೇಳಿದವರಿಗೆ ಭೀಮಪ್ಪನೂ ಅವನ ಮನೆಮಂದಿಯೂ ಬಂದರೆನಿಸುತ್ತದೆ. ಬೈಯುವಾಗಂತೂ ಬಲು ಕಷ್ಟ. ಸಾಲಿ ಮಾಸ್ತರು ಬೆತ್ತ ಎತ್ತಿ “ಲೇ ಭೀಮಪ್ಪನವರ! ಬೆಂಚಿನ ಮ್ಯಾಲ ನಿಂದರಲೇ!” ಎಂದರೆ ಅರ್ಧ ವಾಕ್ಯ ಕೈಮುಗಿಯುತ್ತದೆ, ಅರ್ಧ ವಾಕ್ಯ ಒದೆಯುತ್ತದೆ.

ಊರಿನ ಹೆಸರು ಹೊತ್ತವರ ವಿಷಯದಲ್ಲಿ ಒಂದು ನಿಯಮ ಕಂಡುಕೊಂಡಿದ್ದೇನೆ: ಊರಿನ ಹೆಸರು ಅಂಟುವುದು ಊರು ಬಿಟ್ಟವರಿಗೆ. ಗೋಕಾಕದಲ್ಲೇ ಕೂತವನನ್ನು ಗೋಕಾಕ ಎಂದು ಯಾರು ಕರೆದಾರು? ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹಲಸಂಗಿಯ ಕವಿ ಮಧುರಚೆನ್ನರ ಮನೆಯ ಹೆಸರು ಗಲಗಲಿ. ಅದು ಕೃಷ್ಣೆಯ ದಂಡೆಯ ಊರು. ಗಲಗಲಿ ಎಂಬಷ್ಟು ಗೆಜ್ಜೆ ಕಟ್ಟಿದ ಹೆಸರಿದ್ದೂ ಅವರು ಬೇರೆ ಹೆಸರಿನಿಂದ ಬರೆದರಲ್ಲ ಎಂದು ನನಗೆ ಆಗಾಗ ಅನ್ನಿಸುವುದುಂಟು. ಕರಾವಳಿಯಲ್ಲೂ ಇದೇ ಕಥೆ. ಮೂಲ್ಕಿಯ ಹತ್ತಿರದ ಕಾರ್ನಾಡು ನಾಟಕಕ್ಕೆ ಹೋಯಿತು, ಕುಂದಾಪುರ ಸೀಮೆಯ ಪಡುಕೋಣೆ ಬ್ಯಾಡ್ಮಿಂಟನ್ನಿಗೂ ಸಿನಿಮಾಕ್ಕೂ. ಪಡು ಎಂದರೆ ಪಶ್ಚಿಮ. ಆದರೆ ನಮ್ಮ ಕೂಟದಲ್ಲಿ ಪಡುಕೋಣೆ ಎಂದರೆ ಮಧ್ಯಾಹ್ನ ಊಟವಾದ ಮೇಲೆ ಪಡಕೊಳ್ಳುವ ಕೋಣೆ. “ಸಾಹೇಬ್ರು ಎಲ್ಲಿ?” “ಪಡುಕೋಣ್ಯಾಗ ಅದಾರ, ನಾಲ್ಕಕ್ಕ ಏಳ್ತಾರ.”

ಹುದ್ದೆಯಿಂದ ಬಂದ ಹೆಸರುಗಳ ತಂಟೆಗೆ ಕೈಹಾಕಿದ ಮೇಲೆಯೇ ನಮ್ಮ ಕೂಟಕ್ಕೆ ನಿಜವಾದ ಕಳೆ ಬಂದದ್ದು. ಕುಲಕರ್ಣಿ ಊರಿನ ಲೆಕ್ಕ ಬರೆಯುವವನು, ಪಾಟೀಲ ಊರಗೌಡ, ದೇಶಪಾಂಡೆ ಪರಗಣದ ಲೆಕ್ಕದವನು, ಖಾಸನೀಸ ದೊರೆಯ ಖಾಸಗಿ ಕಾರ್ಯದರ್ಶಿ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ಸರಕಾರ 1961ರ ಕಾಯಿದೆಯಿಂದ ರದ್ದು ಮಾಡಿತು. ದಫ್ತರ ಹೋಯಿತು, ಚಾವಡಿ ಹೋಯಿತು, ಇನಾಮು ಹೋಯಿತು. ಹೆಸರನ್ನು ಜಪ್ತಿ ಮಾಡುವ ಕಲಮು ಮಾತ್ರ ಆ ಕಾಯಿದೆಯಲ್ಲಿ ಇರಲಿಲ್ಲ. ಈಗ ಅವು ಕೆಲಸವಿಲ್ಲದೆ ಖಾಲಿ ಕೂತ ಹೆಸರುಗಳು. ಖಾಲಿ ಕೂತವರಿಗೆ ಕೆಲಸ ಕೊಡುವುದು ಪುಣ್ಯ.

ಕನ್ನಡದಲ್ಲಿ ಅದಕ್ಕೊಂದು ಸುಲಭದ ಸಾಧನವಿದೆ: ‘ಇಸು’ ಪ್ರತ್ಯಯ. ಯಾವ ನಾಮಪದಕ್ಕೆ ಹಚ್ಚಿದರೂ ಅದು ಎದ್ದು ಕೆಲಸಕ್ಕೆ ಹತ್ತುತ್ತದೆ. ಗೂಗಲಿಗೆ ಹಚ್ಚಿದರು, ‘ಗೂಗಲಿಸು’ ಆಯಿತು, ಪತ್ರಿಕೆಯವರೂ ಬರೆಯುತ್ತಿದ್ದಾರೆ. ಅಮೆರಿಕದ ಕಂಪನಿಗೆ ಸಲ್ಲುವ ಮರ್ಯಾದೆ ಧಾರವಾಡದ ಮನೆತನಗಳಿಗೆ ಯಾಕೆ ಬೇಡ?

ಕುಲಕರ್ಣಿಸು ಎಂದರೆ ಹೋಟೆಲಿನಲ್ಲಿ ನಾಲ್ಕು ಮಂದಿ ತಿಂದು ಬಿಲ್ಲು ಬಂದಾಗ, ಅದನ್ನು ಕಣ್ಣಿಗೆ ಹತ್ತಿರ ಹಿಡಿದು, “ಇಲ್ಲಿ ಎರಡು ಪುರಿ ಹೆಚ್ಚಿಗಿ ಬಿದ್ದಾವ, ನಾ ಅಂತೂ ತಿಂದಿಲ್ಲ” ಎನ್ನುವುದು. ಕುಲಕರ್ಣಿಸುವವರು ಕುಲಕರ್ಣಿಯೇ ಆಗಿರಬೇಕೆಂದಿಲ್ಲ. ನಾನು ಕಂಡ ಅತಿ ದೊಡ್ಡ ಕುಲಕರ್ಣಿಸುವ ಮನುಷ್ಯ ಒಬ್ಬ ಪಾಟೀಲ. ಪಾಟೀಲಿಸು ಎಂದರೆ ಬೇರೆಯವರು ಕೆಲಸ ಮಾಡುವಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು “ಇನ್ನೊಂಚೂರು ಈ ಕಡೆ, ಈಗ ಆ ಕಡೆ” ಎನ್ನುವುದು. ಪ್ರಯೋಗ: “ಫ್ರಿಜ್ ಎತ್ತಲಿಕ್ಕೆ ಕೈ ಹಚ್ಚು ಬಾರೋ ಅಂದ್ರ ಬಂದು ಅರ್ಧ ತಾಸು ಪಾಟೀಲಿಸಿ, ಚಹಾ ಕುಡದು ಹೋದ.” ದೇಶಪಾಂಡಿಸು: ಕೊತ್ತಂಬರಿ ತರಲು ಕಳಿಸಿದರೆ ತರಕಾರಿ ಗಾಡಿಯ ಮುಂದೆ ನಿಂತು ವಿದೇಶಾಂಗ ನೀತಿಯ ಬಗ್ಗೆ ಚರ್ಚಿಸಿ, ಖಾಲಿ ಚೀಲದೊಂದಿಗೆ ಮರಳುವುದು. ಜೋಶಿಸು: ಮಳೆ ಬಿದ್ದು ಮೈ ತೊಯ್ದ ಮೇಲೆ “ನನಗ ಮುಂಜಾನೆನೇ ಅನಿಸಿತ್ತು” ಎಂದು ಭವಿಷ್ಯ ನುಡಿಯುವುದು. ಖಾಸನೀಸಿಸು ಎಂಬುದನ್ನೂ ಮಾಡಿದೆವು, ಸಭೆಯಲ್ಲಿ ದೊಡ್ಡವರ ಕಿವಿಯಲ್ಲಿ ಬಗ್ಗಿ ಪಿಸುಗುಡುವುದಕ್ಕೆ. ಆದರೆ ಉಚ್ಚರಿಸುವಷ್ಟರಲ್ಲಿ ಗುಟ್ಟು ರಟ್ಟಾಗುತ್ತದೆಂದು ಕೈಬಿಟ್ಟೆವು. ಹಿರೇಮಠ, ಚಿಕ್ಕಮಠ, ಸಾಲಿಮಠಗಳಿಗೆ ‘ಇಸು’ ಹಚ್ಚುವ ಪ್ರಸ್ತಾಪ ಬಂದಾಗ ಕೂಟದ ಹಿರಿಯರು ಚಹಾದ ಲೋಟ ಕೆಳಗಿಟ್ಟರು. ಇಷ್ಟೊಂದು ಮಠಗಳಿರುವ ನಾಡಿನಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿರಬೇಕು.

ಪಾಟೀಲರ ಮಾತು ಬಂತಲ್ಲ, ಅಲ್ಲೊಂದು ವಿಶೇಷವಿದೆ. ಧಾರವಾಡದ ಯಾವ ಕಾಲೇಜಿನಲ್ಲಾದರೂ “ಪಾಟೀಲ” ಎಂದು ಹಾಜರಿ ಕೂಗಿ ನೋಡಿ, ಬೆಂಚಿಗೊಬ್ಬರಂತೆ “ಎಸ್ ಸರ್” ಬರುತ್ತದೆ. ಎಲ್ಲರಿಗೂ ಇರುವ ಹೆಸರು ಯಾರಿಗೂ ಇಲ್ಲದ ಹೆಸರು. ಆಗ ಓಣಿ ಮತ್ತೆ ಕೆಲಸಕ್ಕೆ ಇಳಿಯುತ್ತದೆ: ಸೈಕಲ್ ಪಾಟೀಲ, ಬಡಕ ಪಾಟೀಲ, ಎಮ್ಮಿ ಪಾಟೀಲ, ಉದ್ರಿ ಪಾಟೀಲ. ಅಂದರೆ ಮೊದಲು ಚೇಷ್ಟೆಯಾಗಿ ಹುಟ್ಟಿ, ದಾಖಲೆಯಲ್ಲಿ ಗಂಭೀರವಾಗಿ, ಸವೆದು ನಾಣ್ಯದ ಮುಖ ಕಾಣದಂತಾದ ಮೇಲೆ ಅಡ್ಡಹೆಸರಿನ ಮೇಲೊಂದು ಅಡ್ಡಹೆಸರು. ಸಾಹಿತಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಪಾಟೀಲ ಪುಟ್ಟಪ್ಪನವರು ಹೆಸರನ್ನು ಹಿಂದುಮುಂದು ಮಾಡಿ ‘ಪಾಪು’ ಆದರು. ‘ಪ್ರಪಂಚ’ ಪತ್ರಿಕೆಯಲ್ಲಿ ಮಂತ್ರಿಮಹೋದಯರನ್ನು ಹಿಂಡಿ ಹಿಪ್ಪೆ ಮಾಡಿದ ಆ ಗುಡುಗಿನಂಥ ಮನುಷ್ಯನನ್ನು ನೂರರ ಹತ್ತಿರದ ವಯಸ್ಸಿನಲ್ಲೂ ನಾಡು ‘ಪಾಪು’ ಎಂದೇ ಕರೆಯಿತು. ಚಂದ್ರಶೇಖರ ಪಾಟೀಲರು ‘ಚಂಪಾ’ ಆದರು. ಹೂವಿನ ಹೆಸರು, ಓದಿದರೆ ಮುಳ್ಳು. ಅವರು ನಡೆಸುತ್ತಿದ್ದ ‘ಸಂಕ್ರಮಣ’ ಪತ್ರಿಕೆಯ ಚಂದಾದಾರರಾಗಲು ಕಾಗದ ಬರೆಯುತ್ತಿದ್ದ ಹೊಸಬರಲ್ಲಿ ಒಬ್ಬಿಬ್ಬರಾದರೂ “ಮಾನ್ಯ ಸಂಪಾದಕಿಯವರೇ” ಎಂದು ಆರಂಭಿಸಿರಲೇಬೇಕು ಎಂಬುದು ನನ್ನ ಊಹೆ.

ಕಟ್ಟಿದ ಹೆಸರುಗಳಲ್ಲಿ ಬೀಚಿಯದು ನನಗೆ ಎಲ್ಲಕ್ಕಿಂತ ಇಷ್ಟ. ಹರಪನಹಳ್ಳಿಯ ರಾಯಸಂ ಭೀಮಸೇನರಾಯರು. ರಾಯಸ ಎಂದರೆ ಬರವಣಿಗೆ, ರಾಯಸದವರೆಂದರೆ ಅರಸರ ಪತ್ರ ಬರೆಯುವವರು. ಬರೆಯುವುದನ್ನೇ ಮನೆತನದ ಹೆಸರಾಗಿ ಹೊತ್ತು ಹುಟ್ಟಿದ ಒಬ್ಬ ಲೇಖಕ, ಆ ಹೆಸರನ್ನು ಗೂಟಕ್ಕೆ ತೂಗುಹಾಕಿ, ಅರ್ಧ ಕನ್ನಡದಲ್ಲೂ ಅರ್ಧ ಇಂಗ್ಲಿಷಿನಲ್ಲೂ ಬರೆಯುವ ಎರಡಕ್ಷರ ಹಿಡಿದುಕೊಂಡರು. ಹಾಗೆ ನೋಡಿದರೆ ‘ಕೊರವಂಜಿ’ಯ ಬಳಗವೂ ಅದೇ ಜಾತಿಯದು. 1942ರಲ್ಲಿ ಆ ನಗೆಪತ್ರಿಕೆ ಶುರು ಮಾಡಿದ ಡಾಕ್ಟರ್ ಎಂ. ಶಿವರಾಂ ತಮ್ಮ ಹೆಸರನ್ನು ತಲೆಕೆಳಗು ಮಾಡಿ ‘ರಾಶಿ’ ಆದರು. ಔಷಧ ಬರೆದುಕೊಡುವ ಡಾಕ್ಟರರು ನಗಿಸಲು ಹೊರಟರೆ ಹೆಸರು ಸರಿಯಾಗಿ ನಿಲ್ಲುವುದಾದರೂ ಹೇಗೆ?

ಅದೇ ಬಳಗದ ನಾ. ಕಸ್ತೂರಿಯವರನ್ನು ಬಿಟ್ಟು ಈ ವಿಷಯ ಮಾತಾಡುವುದು ಗಣಪತಿಯನ್ನು ಬಿಟ್ಟು ಮದುವೆ ಮಾಡಿದಂತೆ. ಹುಟ್ಟಿದ್ದು ಕೇರಳದಲ್ಲಿ, ಮನೆಮಾತು ಬೇರೆ, ಮೈಸೂರಿಗೆ ಬಂದದ್ದು ಪಾಠ ಹೇಳಲು. ಕಲಿತ ಕನ್ನಡದಲ್ಲಿ ‘ಅನರ್ಥಕೋಶ’ ಬರೆದುಬಿಟ್ಟರು. ಇದ್ದ ಪದಗಳನ್ನೇ ಎತ್ತಿಕೊಂಡು, ಸಂಧಿಯನ್ನು ಬೇಡದ ಕಡೆ ಮುರಿದು, ಹುಟ್ಟಿನಲ್ಲೇ ಇಲ್ಲದ ಅರ್ಥಗಳನ್ನು ಪಂಡಿತರ ಗಾಂಭೀರ್ಯದಲ್ಲಿ ಕೊಟ್ಟ ನಿಘಂಟು ಅದು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಕೋಶ ಕನ್ನಡ ಪದಗಳ ಅರ್ಥ ಹೇಳಿದರೆ, ಕಸ್ತೂರಿಯವರದು ಕನ್ನಡ ಪದಗಳ ಹೊಟ್ಟೆಯಲ್ಲಿದ್ದ ತುಂಟತನವನ್ನು ಹೊರಗೆಳೆಯಿತು. ಒಬ್ಬರು ಜರ್ಮನಿಯವರು, ಇನ್ನೊಬ್ಬರು ಕೇರಳದವರು. ಮನೆಯವರಿಗೆ ಮನೆಯ ಸಾಮಾನಿನ ಬೆಲೆ ಗೊತ್ತಿರುವುದಿಲ್ಲ, ಬಿಡಿ. ಇದೇ ಕಸ್ತೂರಿಯವರ ಹೆಸರು ಇನ್ನೊಂದು ಪದದ ಸಂಗಡವೂ ಕೇಳಿಬರುತ್ತದೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದಾಗ ಅದಕ್ಕೆ ಬಂದ ಹೆಸರು ‘ಆಕಾಶವಾಣಿ’. ಪುರಾಣದಲ್ಲಿ ಕಂಸನಿಗೆ ಕೇಳಿಸಿದ್ದ ಆ ಪದ ಈಗ ಹವಾಮಾನ ವರ್ತಮಾನ ಹೇಳತೊಡಗಿತು. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. ಕಂಸನಿಗೆ ಹೇಳಿದ್ದು ನಿಜವಾಯಿತು, ಹವಾಮಾನದ್ದು ಮಾತ್ರ ಅಷ್ಟು ಖಾತ್ರಿಯಿಲ್ಲ.

ಸಮಿತಿ ಕೂತು ಕಟ್ಟಿದ ಪದಗಳಿಗೆ ಈ ಭಾಗ್ಯ ಕಡಿಮೆ. ಮಿಂಚಂಚೆ ಎಂಬ ಅಂದದ ಪದವನ್ನು ಕಟ್ಟಿದರು, ಅದರಲ್ಲಿ ಎಷ್ಟು ಜನ ಇಮೇಲು ಕಳಿಸುತ್ತಾರೆ? ಅದೇ ‘ಗಾಂಚಾಲಿ’ಯನ್ನು ಯಾವ ಅಕಾಡೆಮಿಯೂ ಟಂಕಿಸಲಿಲ್ಲ, ಅನುದಾನ ಕೊಡಲಿಲ್ಲ, ಬಿಡುಗಡೆ ಸಮಾರಂಭ ಆಗಲಿಲ್ಲ, ಕೋಲಾರದಿಂದ ಕಾರವಾರದ ತನಕ ನಡೆಯುತ್ತದೆ. ಡಕೋಟಾದ ಗತಿ ನೋಡಿ. ಎರಡನೇ ಮಹಾಯುದ್ಧದ ಸರಕು ವಿಮಾನ, ಗಟ್ಟಿ ಜೀವ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲೇ ಎಷ್ಟೋ ಡಕೋಟಾಗಳಿಗೆ ರಿಪೇರಿ ಆಗಿದೆ. ಜಗತ್ತಿನಲ್ಲಿ ಎಷ್ಟು ನಂಬಿಕಸ್ಥ ವಿಮಾನವೆಂದು ಹೆಸರಾಗಿತ್ತೋ, ಕನ್ನಡದಲ್ಲಿ ಅಷ್ಟೂ ಮಾನ ಕಳೆದುಕೊಂಡು ಗುಜರಿ ಸ್ಕೂಟರಿಗೆ, ಉರುಳುವ ಬಸ್ಸಿಗೆ, ಕೊನೆಗೆ ಕೆಮ್ಮುವ ಮಾವನಿಗೂ ಡಕೋಟ ಎಂಬ ಬಿರುದಾಗಿ ಇಳಿಯಿತು. ಕನ್ನಡಿಗರಿಗೆ ಇದು ಹೊಸ ಅಭ್ಯಾಸವೇನಲ್ಲ. ವಿರಾಟನ ಮಗನನ್ನು ಬಾಯಿಬಡುಕನಿಗೆ, ದೂರ್ವಾಸರನ್ನು ಸಿಟ್ಟಿನ ಹೆಡ್‌ಮಾಸ್ತರಿಗೆ, ನಾರದರನ್ನು ಎದುರುಮನೆಯ ಹೆಂಗಸಿಗೆ ಯಾವತ್ತೋ ದತ್ತು ಕೊಟ್ಟಾಗಿದೆ.

ಇಷ್ಟೆಲ್ಲ ಕೇಳಿ ಹಳೇ ಮೈಸೂರಿನವರು ತಮಗೆ ಅಡ್ಡಹೆಸರಿಲ್ಲ, ತಾವು ಪಾರು ಎಂದು ಮೀಸೆಯಡಿ ನಗುತ್ತಿರುತ್ತಾರೆ. ಸ್ವಲ್ಪ ತಾಳಿ. ಅವರಲ್ಲಿ ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ, ಆಮೇಲೆ ತಾವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕೆ.ವಿ. ಪುಟ್ಟಪ್ಪ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಡಿ.ವಿ. ಗುಂಡಪ್ಪ. ಊರೊಳಗೆ ಬಲು ಚೊಕ್ಕ. ಪಾಸ್‌ಪೋರ್ಟಿನವರು ಮಾತ್ರ ಅಕ್ಷರಗಳನ್ನು ಒಪ್ಪುವುದಿಲ್ಲ, ಎಲ್ಲ ಬಿಡಿಸಿ ಬರೆಯಿರಿ ಅನ್ನುತ್ತಾರೆ. ಬಿಡಿಸಿದ ಮೇಲೆ ಟೆಕ್ಸಾಸಿನ ಆಸ್ಪತ್ರೆಯಲ್ಲಿ ಕೂತ ನಮ್ಮ ಹುಡುಗನನ್ನು ನರ್ಸಮ್ಮ “ಮಿಸ್ಟರ್ ನಂಜುಂಡಯ್ಯ!” ಎಂದು ಕೂಗುತ್ತಾಳೆ. ಅವನು ಗಾಬರಿಯಿಂದ ಬಾಗಿಲ ಕಡೆ ನೋಡುತ್ತಾನೆ, ಅಪ್ಪ ಯಾವಾಗ ಬಂದರು ಎಂದು. ಹೊಳೆನರಸೀಪುರವನ್ನು ಕೊನೆಗೆ ಇಟ್ಟುಕೊಂಡವನನ್ನು ಆಫೀಸಿನಲ್ಲಿ “ಹೇ ಹೊಳೆ” ಎನ್ನುತ್ತಾರಂತೆ; ‘ನರಸೀಪುರ’ದ ತನಕ ದಾಟಿ ಬರಲು ಅವರಿಗೆ ಉಸಿರು ಸಾಲುವುದಿಲ್ಲ.

ಅಕ್ಷರವನ್ನೂ ಬಿಟ್ಟು ಬರೀ ಒಂದೇ ಹೆಸರಿನಲ್ಲಿ ಹೋದವರ ಕಥೆ ಕೇಳಿ. ಇರುವ ಒಂದು ಹೆಸರನ್ನು ಮನೆತನದ ಖಾನೆಯಲ್ಲಿ ಬರೆಸಿದರೆ ಸ್ವಂತ ಹೆಸರಿನ ಖಾನೆ ಖಾಲಿ. ಅಮೆರಿಕದ ವೀಸಾದವರು ಖಾಲಿ ಬಿಡುವವರಲ್ಲ. ಮೊದಲ ಹೆಸರು ಗೊತ್ತಿಲ್ಲ ಎಂಬುದಕ್ಕೆ ಅವರಲ್ಲಿ ಇಂಗ್ಲಿಷಿನ ಮೂರಕ್ಷರಗಳಿವೆ: ಎಫ್, ಎನ್, ಯು. ಅದನ್ನು ಒತ್ತಿಬಿಡುತ್ತಾರೆ. ಅಲ್ಲಿಂದ ಅದು ಡ್ರೈವಿಂಗ್ ಲೈಸೆನ್ಸಿಗೆ, ಬ್ಯಾಂಕಿಗೆ, ಕರೆಂಟು ಬಿಲ್ಲಿಗೆ ಹತ್ತುತ್ತದೆ. ಅಕ್ಷರ ಬಿಡಿಸಿ ಓದಲು ಯಾರಿಗೆ ಪುರಸೊತ್ತು? ಕಾಫಿ ಅಂಗಡಿಯ ಹುಡುಗಿ ಲೋಟ ಎತ್ತಿ “ಫ್ನೂ?” ಅನ್ನುತ್ತಾಳೆ. ತಿಪಟೂರಿನ ಮಂಜುನಾಥ ಕೈ ಎತ್ತುತ್ತಾನೆ. ಕೆಲವು ವರ್ಷ ಕಳೆದರೆ ಗೆಳೆಯರೂ ಫ್ನೂ ಅನ್ನತೊಡಗುತ್ತಾರೆ, ಕ್ರಿಸ್‌ಮಸ್ ಕಾರ್ಡು “ಫ್ನೂ ಪರಿವಾರಕ್ಕೆ” ಬರುತ್ತದೆ.

ಮೂರನೇ ತಲೆಮಾರಿನಲ್ಲಿ ಅಲ್ಲಿನ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಯಾರೋ ಸಂಶೋಧನಾ ಲೇಖನ ಬರೆಯುತ್ತಾರೆ. ಫ್ನೂ ಮನೆತನದವರು ಮೂಲತಃ ಫ್ನೂರಿನವರೆಂದೂ, ಅದು ತಿಪಟೂರು ತಾಲ್ಲೂಕಿನ ಕೆರೆಯೊಂದರಲ್ಲಿ ಮುಳುಗಿಹೋದ ಅಗ್ರಹಾರವೆಂದೂ, ಹಳಗನ್ನಡದಲ್ಲಿ ‘ಪಿನೂರು’ ಎಂದಿದ್ದದ್ದು ಮುಂದೆ ಪಕಾರ ಫಕಾರವಾಗಿ ಹೀಗಾಯಿತೆಂದೂ ಅಡಿಟಿಪ್ಪಣಿ ಸಹಿತ ಸಾಧಿಸುತ್ತಾರೆ. ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬರು ಖಂಡಿಸುತ್ತಾರೆ: ಫ್ನೂರು ತಿಪಟೂರಿನಲ್ಲಿಲ್ಲ, ಅರಸೀಕೆರೆಯಲ್ಲಿದೆ, ಅವರ ಅತ್ತೆಯ ತವರೇ ಅದು.